ಕುದುರೆಯ ಹಣೆಗೆ ಭಂಡಾರ

ಗುಡೇಕೋಟೆ

ನನ್ನ ಮೊಮ್ಮಗಳು ಚೈತ್ರಾ ಸ್ಕಾಟ್ಲೆಂಡ್ ಎಂಬ ದೇಶದ ಎಡಿನ್‌ಬರೋ ಎಂಬ ಊರಿನ ಮ್ಯೂಸಿಯಂನಲ್ಲಿ ಹಳೇ ಕಾಗದ ರಿಪೇರಿ ಮಾಡುತ್ತಾಳೆ. ಈ ಮಾತನ್ನು ಎರಡು ವರ್ಷದಿಂದ ಗುಡೇಕೋಟೆಯ ಮನೆಮನೆಗೂ ಹೇಳಿದ್ದೇನೆ. ಕೂಡ್ಲಿಗಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ ಹೇಳಿದ್ದೇನೆ. ಅವರು "ಕಾಗದಕ್ಕೂ ರಿಪೇರಿ ಐತೇನಬೇ?" ಎನ್ನುತ್ತಾರೆ. ಐತಿ. ನನ್ನ ಮಗ ಹಗರಿಬೊಮ್ಮನಹಳ್ಳಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದಾನೆ. ಗೆದ್ದಲು ತಿಂದ ಮದುವೆ ಫೋಟೋ, ಸೋರುವ ಮಾಳಿಗೆಯಲ್ಲಿ ನೆನೆದ ದೇವರ ಪಟ ತಂದವರಿಗೆ ಅವನು "ಇದು ಮುಗೀತು, ಬ್ಯಾರೇದು ಕೊಡಸ್ತೀನಿ" ಎಂದು ಹೇಳಿ ಹಳೆಯದನ್ನು ಮೂಲೆಗೆ ಎಸೆಯುತ್ತಿದ್ದ. ಇವಳು ಲಂಗ ಉಡುವ ವಯಸ್ಸಿನಿಂದಲೇ ಆ ಮೂಲೆಯಲ್ಲಿ ಕೂತು, ಅನ್ನದ ಗಂಜಿ ಹಚ್ಚಿ, ಹರಿದ ಮುಖಗಳನ್ನು ಕೂಡಿಸುತ್ತಿದ್ದಳು. ಆ ಹುಚ್ಚೇ ಓದಾಯಿತು, ಓದೇ ಕೆಲಸವಾಯಿತು.

ಈ ಬೇಸಿಗೆಯಲ್ಲಿ ಅವಳು ಫೋನ್ ಮಾಡಿ, "ಅಜ್ಜಿ, ಇಲ್ಲಿ ಒಂದಿನ ಮನಿಯವರನ್ನ ಕರ್ಕಂಡು ಬಂದು ನಮ್ಮ ಕೆಲಸ ತೋರಿಸಬೌದು. ನೀ ಬಾ" ಎಂದಳು.

"ನಿಮ್ಮಪ್ಪನ್ನ ಕರಿಲೇ."

"ಅಪ್ಪ ಬಂದ್ರ ಎಲ್ಲಾದಕ್ಕೂ ಕಟ್ಟು ಹಾಕ್ರಿ ಅಂತಾನ. ನೀನ ಬಾ."

ಸಂತೋಷಕ್ಕೆ ಆ ದಿನ ನಾನು ಎರಡು ಸಲ ಉಪ್ಪು ಹಾಕಿ ಸಾರು ಕೆಡಿಸಿದೆ. ಮಾರನೆಯ ದಿನದಿಂದ ಭಯ ಶುರುವಾಯಿತು. ಮೊದಲ ಭಯ ಬೆರಳಿನದು. ಕಂಬಳಿ ನೂಲು ನೂತು ನೂತು ನನ್ನ ಬೆರಳ ಗೆರೆಗಳು ಸವೆದು ಹೋಗಿವೆ. ಪಾಸ್‌ಪೋರ್ಟಿನ ಯಂತ್ರದ ಮೇಲೆ ಆರು ಸಲ ಬೆರಳು ಒತ್ತಿದರೂ ಅದಕ್ಕೆ ನಾನು ಯಾರೆಂದು ತಿಳಿಯಲಿಲ್ಲ. ಕೂತಿದ್ದ ಸಾಹೇಬರು "ಎಣ್ಣಿ ಹಚ್ಚಿ ತಿಕ್ಕಿ ಬರ್ರಿ" ಎಂದರು. ಕೊಬ್ಬರಿ ಎಣ್ಣೆ ತಿಕ್ಕಿ ಒರೆಸಿ ಒತ್ತಿದಾಗ ಏಳನೆಯ ಸಲಕ್ಕೆ ಒಪ್ಪಿಕೊಂಡಿತು. ನಾನೇ ನಾನೆಂದು ಒಪ್ಪಿಸಲು ಇಷ್ಟು ಕಷ್ಟವಾದರೆ ಪರದೇಶದಲ್ಲಿ ಕಳೆದುಹೋದರೆ ಗತಿ ಏನು ಎಂದು ಅವತ್ತೇ ಮನೆಯವರನ್ನು ಕೇಳಿದೆ.

ಹೊರಡುವ ದಿನ ನಮ್ಮ ಯಜಮಾನರು ಮೈಲಾರಪ್ಪ ಕುರಿ ಬಿಟ್ಟು ಬಸ್‌ಸ್ಟ್ಯಾಂಡಿಗೆ ಬಂದರು. ಹಡಗಲಿ ಸೀಮೆಯ ಮೈಲಾರಲಿಂಗ ನಮ್ಮ ಮನೆ ದೇವರು. ಕತ್ತಿ ಹಿಡಿದು ಬಿಳಿ ಕುದುರೆ ಏರಿದ ದೇವರು, ಜೊತೆಗೆ ನಾಯಿ. ಅವನ ಪ್ರಸಾದವಾದ ಭಂಡಾರ, ಅಂದರೆ ಅರಿಶಿಣದ ಪುಡಿ, ಒಂದು ಚಿಟಿಕೆಯನ್ನು ಯಜಮಾನರು ನನ್ನ ಸೆರಗಿನ ತುದಿಗೆ ಕಟ್ಟಿದರು. ಒಂದು ಪೊಟ್ಟಣ ಚೀಲಕ್ಕೂ ಹಾಕಿದರು. ನಮ್ಮ ಮನೆಯಲ್ಲೊಂದು ರೂಢಿ ಇದೆ. ಆ ದೇವರನ್ನು ಕಲ್ಲಿನಲ್ಲಿ ಕಾಣಲಿ, ಪಟದಲ್ಲಿ ಕಾಣಲಿ, ಮೊದಲ ಚಿಟಿಕೆ ಕುದುರೆಯ ಹಣೆಗೆ, ಆಮೇಲೆ ದೇವರಿಗೆ, ಉಳಿದದ್ದು ನಮಗೆ. ಅತ್ತೆ ಕಲಿಸಿದ್ದು. ಐವತ್ತು ವರ್ಷದಿಂದ ಯೋಚಿಸದೇ ಮಾಡುತ್ತಾ ಬಂದಿದ್ದೇನೆ.

ನಾನು ಓದಿದ್ದು ನಾಲ್ಕನೇ ಇಯತ್ತೆ. ಇದನ್ನು ಬರೆದವಳು ನಾನೇ, ಕಾಗುಣಿತ ತಿದ್ದಿದವರು ನಮ್ಮೂರ ಶಾಲೆಯ ಟೀಚರು.

ವಿಮಾನ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಒಂದು ಗುಹೆಯೊಳಗೆ ಹೋಗಿ ಆಚೆ ಬರಲಿಲ್ಲ. ಖಾಕಿ ತೊಟ್ಟ ಹೆಣ್ಣುಮಗಳು ಅದನ್ನು ಪಕ್ಕಕ್ಕೆ ಎಳೆದು, ಜೋಳದ ಹಿಟ್ಟು, ಶೇಂಗಾ ಚಟ್ನಿ, ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲ ಹೊರಗೆ ಹರವಿದಳು. ಕೊನೆಗೆ ಹಳದಿ ಪೊಟ್ಟಣ ಹಿಡಿದು ನನ್ನ ಮುಖ ನೋಡಿದಳು. ಸುದ್ದಿಯಲ್ಲಿ ಪುಡಿ ಸಾಗಿಸುವವರನ್ನು ಹಿಡಿದು ಕೂರಿಸುವುದನ್ನು ನೋಡಿದ್ದೇನೆ.

"ಏನಮ್ಮ ಇದು?"

"ಭಂಡಾರ ತಾಯಿ. ಮೈಲಾರದ್ದು."

ಅವಳು ಮೂಸಿ ನೋಡಿ ಪೊಟ್ಟಣ ಕಟ್ಟಿ ಚೀಲಕ್ಕೆ ಹಾಕಿದಳು. ನಾನು ಮಾತ್ರ ವಿಮಾನ ಹತ್ತುವವರೆಗೂ ಆ ಚೀಲವನ್ನು ಕೈಬಿಡಲಿಲ್ಲ. ಹತ್ತಿದ ಮೇಲೆ ಬೇರೆ ಭಯ. ನೆಲ ಬಿಡುವಾಗ ಗುಡೇಕೋಟೆಯ ಗುಂಡುಗಲ್ಲೊಂದು ಎದೆಯ ಮೇಲೆ ಉರುಳಿದಂತಾಯಿತು. ಕಣ್ಣು ಮುಚ್ಚಿಕೊಂಡು ಮುಂದಿನ ಕುರ್ಚಿ ಹಿಡಿದೆ. ಆಮೇಲೆ ಕಣ್ಣು ಬಿಟ್ಟು ನೋಡಿದರೆ ನಾನು ಹಿಡಿದಿದ್ದು ಕುರ್ಚಿಯನ್ನಲ್ಲ, ಅದರಲ್ಲಿ ಕೂತವರ ಕೂದಲನ್ನು. ಆ ಮನುಷ್ಯ ತಿರುಗಿ ಕನ್ನಡದಲ್ಲೇ "ಗಟ್ಟಿಯಾಗೇ ಹಿಡ್ಕಳ್ಳಿ ಅಮ್ಮ, ಉಳಿದಿರೋದೇ ಇಷ್ಟು" ಎಂದರು.

ಅವರು ಹರಪನಹಳ್ಳಿಯ ಹುಸೇನ್‌ಸಾಬರು, ದುಬೈನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕು. ದುಬೈನಲ್ಲಿ ನಾನು ಇನ್ನೊಂದು ವಿಮಾನಕ್ಕೆ ಹೋಗುವ ಬಾಗಿಲವರೆಗೂ ತಾವೇ ಬಂದು ಕೂರಿಸಿದರು. ಆ ನಿಲ್ದಾಣದ ಒಳಗೇ ಒಂದು ರೈಲು ಓಡುತ್ತದೆ. ಅದರೊಳಗೆ ನಮ್ಮ ಕೊಟ್ಟೂರಿನಂಥ ಪೇಟೆ ನಾಲ್ಕು ಹಿಡಿಸೀತು. ಹೋಗುವಾಗ ಹುಸೇನ್‌ಸಾಬರು, "ಅಲ್ಲಿ ಯಾರಾದ್ರೂ ಏನಾದ್ರೂ ಕೇಳಿದ್ರೆ ಸುಮ್ನೆ ನಗ್ರಿ. ನಾನು ಹದಿನೈದು ವರ್ಷ ಹಂಗೇ ಕಳ್ದೀನಿ" ಎಂದರು.

ಬುಧವಾರ, ಎಡಿನ್‌ಬರೋ

ಚೈತ್ರಿ ನನ್ನನ್ನು ಅಪ್ಪಿಕೊಂಡಾಗ ನನಗೆ ಭಯವೆಲ್ಲ ಬಿಟ್ಟು ಹೋಯಿತು ಎಂದು ಬರೆಯಬೇಕು. ಒಂದು ಗಳಿಗೆ ಹಾಗೇ ಆಯಿತು. ಅವಳ ಕೆನ್ನೆ ಮುಟ್ಟಿ ಮುಟ್ಟಿ ನೋಡಿದೆ. ಅವಳ ಬೆರಳ ತುದಿ ನಮ್ಮ ಮನೆಯ ಬೆರಳೇ, ಮುಟ್ಟಿದರೆ ಹತ್ತಿಯ ಹಾಗೆ.

ಊರು ನೋಡಿ ನಗು ಬಂತು. ಇಷ್ಟು ದೂರ ಹಾರಿ ಬಂದರೆ ಇಲ್ಲೂ ನಡು ಊರಿನಲ್ಲಿ ಕಲ್ಲುಗುಡ್ಡ, ಗುಡ್ಡದ ತಲೆಯ ಮೇಲೆ ಕೋಟೆ. ನಮ್ಮ ಕೋಟೆ ಬಿಸಿಲಿಗೆ ಕಾದಿರುತ್ತದೆ, ಇವರದು ಮಳೆಗೆ ನೆನೆದಿರುತ್ತದೆ, ಅಷ್ಟೇ ವ್ಯತ್ಯಾಸ. ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ. ಮಾತಾಡಿದರೆ ನಾಯಿಗಳ ಜೊತೆ ಮಾತ್ರ. ನಾಯಿಗಳು ಬಸ್ಸು ಹತ್ತಿ, ಸೀಟಿನ ಕೆಳಗೆ ಮಲಗಿ, ತಮ್ಮ ಸ್ಟಾಪು ಬಂದಾಗ ಎದ್ದು ಇಳಿಯುತ್ತವೆ. ಮನುಷ್ಯರು ಇಳಿಯುವಾಗ ಡ್ರೈವರಿಗೆ ಉಪಕಾರ ಹೇಳುತ್ತಾರೆ. ಕೂಡ್ಲಿಗಿ ಡ್ರೈವರಿಗೆ ಹಾಗೆ ಹೇಳಿದರೆ ಏನೋ ಮರೆತು ಇಳಿದಿದ್ದಾಳೆ ಎಂದು ಬಸ್ಸು ನಿಲ್ಲಿಸಿಯಾನು.

ಮನೆಗೆ ಬಂದ ಮೇಲೆ ಚೈತ್ರಿ ತನ್ನ ಕೆಲಸದ ವಿಚಾರ ಹೇಳಿದಳು. ಅವಳ ನೌಕರಿ ಕಾಯಂ ಅಲ್ಲ. ಎರಡು ವರ್ಷ ಕಲಿಯುವ ಅವಧಿ, ಅದು ಈ ವಾರ ಮುಗಿಯುತ್ತದೆ. ಇಟ್ಟುಕೊಳ್ಳುವುದೋ ಬಿಡುವುದೋ ಹೇಳುವವರು ಅವಳ ಮೇಲಿನವರು, ಮಾರ್ಗರೆಟ್ ಎಂಬುವರು.

"ಕೊನೀ ಪರೀಕ್ಷಾ ಅಂತ ಒಂದು ಚಿತ್ರ ನಂಗೊಬ್ಬಾಕಿಗೇ ಕೊಟ್ಟಾರ ಅಜ್ಜಿ. ಹತ್ತೊಂಬತ್ತನೇ ಶತಮಾನದ್ದು, ನೀರು ಬಣ್ಣದ್ದು. ನಮ್ಮ ಕಡೀ ದಂಡಿನ ಸರದಾರ ಯಾವನೋ, ಕುದರಿ ಮ್ಯಾಲೆ ಕುಂತಾನ. ಅರ್ಧಕ್ಕ ಬಿಟ್ಟ ಚಿತ್ರ. ನೋಡಿದ್ರ ನಿಂಗ ಖುಷಿ ಆಕ್ಕತಿ."

"ನಮ್ಮ ಕಡೆಯವ ಅಂತ ಹೆಂಗ ಗೊತ್ತು?"

"ತಲಿಗೆ ಸುತ್ತಿದ ರುಂಬಾಲು ನೋಡಿದ್ರ ಅನಸ್ತೈತಿ. ಬರದಿಲ್ಲ ಎಲ್ಲೂ."

ಗುರುವಾರ, ಚಿತ್ರದ ಮುಂದೆ

ಮ್ಯೂಸಿಯಂನ ಬಾಗಿಲಲ್ಲಿ ಒಬ್ಬ ಕಾವಲುಗಾರ ನನ್ನ ಕೊರಳಿಗೆ ಒಂದು ಚೀಟಿ ತೂಗುಹಾಕಿದ. ಮೂರನೆಯ ಮಾಳಿಗೆಯಲ್ಲಿ ಚೈತ್ರಿಯ ಕೋಣೆ. ದವಾಖಾನೆಗಿಂತ ಸ್ವಚ್ಛ, ಗುಡಿಗಿಂತ ಮೌನ. ಅಲ್ಲಿ ಮಾರ್ಗರೆಟ್ ಅವರನ್ನು ನೋಡಿದೆ, ಮರ್ಯಾದೆಗೆ ಬಾಯಿ ಎನ್ನುತ್ತೇನೆ. ಎತ್ತರದ ಹೆಂಗಸು, ಬೆಳ್ಳಗಿನ ಕೂದಲು, ದಾರ ಕಟ್ಟಿದ ಕನ್ನಡಕ. ನಡೆದರೆ ಸಪ್ಪಳವಿಲ್ಲ. ನಾನು ಹುಸೇನ್‌ಸಾಬರು ಹೇಳಿದಂತೆ ನಕ್ಕೆ. ಅವರು ನಗಲಿಲ್ಲ, ತಲೆ ಬಗ್ಗಿಸಿದರು, ತಮ್ಮ ಕೋಣೆಗೆ ಹೋದರು.

"ಅಜ್ಜಿ, ಕೈ ಹಿಂದ ಕಟ್ಟಿಕೊಂಡು ನಿಂದ್ರು. ಏನೂ ಮುಟ್ಟಬ್ಯಾಡ" ಎಂದಳು ಚೈತ್ರಿ. ಕಟ್ಟಿಕೊಂಡು ನಿಂತೆ. ಅವಳು ಮೇಜಿನ ಮೇಲಿನ ತೆಳ್ಳನೆಯ ಹೊದಿಕೆ ಸರಿಸಿದಳು. ನನ್ನ ಮಂಡಿ ನೋವು ಅವಳಿಗೆ ಗೊತ್ತು. "ತಡಿ, ಕುರ್ಚಿ ತರ್ತೀನಿ" ಎಂದು ಹೊರಗೆ ಹೋದಳು.

ಚಿತ್ರ ಎರಡು ಅಂಗೈ ಅಗಲ ಇದ್ದೀತು. ಬಿಳಿ ಕುದುರೆ ಒಂದು ಮುಂಗಾಲು ಎತ್ತಿದೆ. ಮೇಲೆ ಕೆಂಪು ರುಂಬಾಲು, ಹುರಿ ಮೀಸೆ, ಹಸಿರು ಅಂಗಿಯ ಸರದಾರ. ಸೊಂಟದಲ್ಲಿ ಕತ್ತಿ. ಕುದುರೆಯ ಹಿಂದಿನ ಅರ್ಧಕ್ಕೆ ಬಣ್ಣವೇ ಇಲ್ಲ, ಸೀಸದ ಕಡ್ಡಿಯ ಗೆರೆ ಮಾತ್ರ. ಗಾಳಿಯೊಳಗಿಂದ ಕುದುರೆ ಈಗ ತಾನೇ ಹೊರಗೆ ಕಾಲಿಡುತ್ತಿದೆ ಅನ್ನಿಸುವಂತೆ. ಹೊಟ್ಟೆಯ ಕೆಳಗೆ, ಯಾರೂ ನನಗೆ ಮುಂಚೆ ಹೇಳಿರಲಿಲ್ಲ, ಒಂದು ನಾಯಿ ಓಡುತ್ತಿತ್ತು.

ಬಿಳಿ ಕುದುರೆ, ಕತ್ತಿ, ನಾಯಿ. ಇವನು ಸರದಾರ ಎಂದು ಕಿವಿ ಕೇಳಿತ್ತು, ಕಣ್ಣಿಗೆ ಅದು ಬೇಕಾಗಲಿಲ್ಲ. "ಏಳು ಕೋಟಿ" ಎಂದು ಮೈಲಾರನ ಜಯಕಾರ ತಾನೇ ಹೊರಟಿತು. ಹಿಂದೆ ಕಟ್ಟಿದ ಕೈ ಯಾವಾಗ ಬಿಚ್ಚಿತೋ, ಸೆರಗಿನ ಗಂಟು ಯಾವಾಗ ಸಡಿಲಾಯಿತೋ ಗೊತ್ತಿಲ್ಲ. ಬೆರಳ ತುದಿ ಕುದುರೆಯ ಹಣೆಯ ಮೇಲೆ ಇತ್ತು.

ಎರಡನೆಯ ಚಿಟಿಕೆ ಸರದಾರನ ಹಣೆಗೆ ಹೋಗುವ ಮುಂಚೆಯೇ ಹೊರಗೆ ಕುರ್ಚಿ ಎಳೆಯುವ ಸದ್ದಾಯಿತು. ಗಂಟು ಬಿಗಿದು ಕೈ ಹಿಂದಕ್ಕೆ ಕಟ್ಟಿದೆ. ನೋಡಿದೆ. ಕಾಗದ ಹಳೆಯದಾಗಿ ತಾನೇ ಹಳದಿಗಟ್ಟಿತ್ತು, ಬಿಳಿ ಕುದುರೆಯೂ ಕೆನೆಯ ಬಣ್ಣಕ್ಕೆ ತಿರುಗಿತ್ತು. ಸಾಸಿವೆ ಕಾಳಿನಷ್ಟು ಅರಿಶಿಣ ಅದರಲ್ಲಿ ಅಡಗಿಹೋಗಿತ್ತು. ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ, ಗೊತ್ತಿದ್ದವಳು ನಾನೊಬ್ಬಳೇ.

"ಹೆಂಗೈತಿ ಅಜ್ಜಿ?"

"ಜೀವ ಐತಿ" ಎಂದೆ. ಅವಳು ಎಷ್ಟು ಹಿಗ್ಗಿದಳೆಂದರೆ ಮುಂದೆ ಹೇಳುವುದನ್ನು ನುಂಗಿಕೊಂಡೆ.

ಗುರುವಾರ, ಊಟದ ಹೊತ್ತು

ಅಲ್ಲಿ ರಾತ್ರಿ ಊಟದ ಹೊತ್ತಿಗೂ ಬಿಸಿಲು ಕಿಟಕಿಯಲ್ಲಿರುತ್ತದೆ. ನಾನು ತಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿದೆ. ಚೈತ್ರಿ ನೆಲಕ್ಕೆ ಕೂತು, ಚಟ್ನಿ ಹಚ್ಚಿ, ಚಿಕ್ಕವಳಿದ್ದಾಗಿನಂತೆ ರೊಟ್ಟಿ ಸುರುಳಿ ಸುತ್ತಿ ತಿಂದಳು.

"ನಾಳೆ ಒಂಬತ್ತಕ್ಕ ಸ್ನಾನ ಅಜ್ಜಿ."

"ಯಾರಿಗೆ?"

"ನಮ್ಮ ಸರದಾರಗ." ನಕ್ಕಳು. "ಹಳೇ ಕಾಗದ ಒಳಗೊಳಗೇ ಹುಳಿ ಆಗಿರತೈತಿ. ಹುಳಿ ಆದ ಕಾಗದ ಪುಡಿ ಆಗತೈತಿ. ಅದಕ್ಕ ತಟ್ಟಿಯೊಳಗ ತೇಲಿ ಬಿಟ್ಟು ತೊಳಿಯೋದು. ಅದರಾಗಿನ ಒಂದೊಂದು ಬಣ್ಣಾನೂ ಪರೀಕ್ಷಾ ಮಾಡೀನಿ. ಯಾವುದೂ ಕರಗಂಗಿಲ್ಲ."

"ಯಾವ ನೀರಾಗ?"

"ಸುಣ್ಣದ ತಿಳಿನೀರಾಗ."

ನನ್ನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಕನ್ನಡ ನಾಡಿನ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರಿಶಿಣಕ್ಕೆ ಸುಣ್ಣ ಬಿದ್ದರೆ ಕೆಂಪು. ಆರತಿ ತಟ್ಟೆಗೆ ನಾವು ಮಾಡುವ ಓಕುಳಿ ಅದೇ. ನಾಳೆ ಒಂಬತ್ತಕ್ಕೆ ಬಿಳಿ ಕುದುರೆಯ ಹಣೆಯಿಂದ ಕೆಂಪು ಇಳಿಯುತ್ತದೆ, ಹಸಿ ಕಾಗದದಲ್ಲಿ ಹರಡುತ್ತದೆ, ಮಾರ್ಗರೆಟ್ ಬಾಯಿ ಪಕ್ಕದಲ್ಲೇ ನಿಂತು ನೋಡುತ್ತಾರೆ.

"ಇದೊಂದು ಸರಿಯಾಗಿ ಆದ್ರ ನನ್ನ ಇಟ್ಕಂತಾರ" ಎಂದಳು ಚೈತ್ರಿ. "ಆ ಚಿತ್ರ ಕೈಗೆ ಬಂದಾಗಿನಿಂದ ಇದು ನಂದೊಬ್ಬಾಕೀದೇ ಕೆಲಸ ಅಜ್ಜಿ. ಬ್ಯಾರೆ ಯಾರೂ ಕೈ ಹಚ್ಚಿಲ್ಲ."

ಆಗಲೇ ಹೇಳಬೇಕಿತ್ತು. ಯಾಕೆ ಹೇಳಲಿಲ್ಲ ಎಂದರೆ, ಅವಳ ಮುಖದಲ್ಲಿ ಆ ನಗು ಇತ್ತು. ಪಾತ್ರೆ ತೊಳೆದು ಹೇಳೋಣ ಎಂದುಕೊಂಡೆ. ಪಾತ್ರೆ ತೊಳೆದು ಬಂದರೆ ಅವಳು ಅಪ್ಪನಿಗೆ ಫೋನಿನಲ್ಲಿ, "ಅಜ್ಜಿ ನನ್ನ ಚಿತ್ರದಾಗ ಜೀವ ಐತಿ ಅಂದ್ಲಪ್ಪ" ಎನ್ನುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಶುಕ್ರವಾರ, ತಟ್ಟೆ

ಎದ್ದಾಗ ಎಂಟಕ್ಕೆ ಹತ್ತು ನಿಮಿಷ. ಚೈತ್ರಿ ಹೋಗಿಬಿಟ್ಟಿದ್ದಳು. ಒಲೆಯ ಪಕ್ಕ ನನಗೆ ಚಹಾ ಮುಚ್ಚಿಟ್ಟಿದ್ದಳು.

ನಾನು ಮಾಡಿದ ಮೊದಲ ಕೆಲಸ ಹೇಳಲು ನಾಚಿಕೆಯಾಗುತ್ತದೆ. ಒಂದು ಬಿಳಿ ತಟ್ಟೆ ತೆಗೆದುಕೊಂಡು, ನಳದ ನೀರು ಹಿಡಿದು, ಎಲೆ ಅಡಿಕೆಯ ಡಬ್ಬಿಯಿಂದ ಸುಣ್ಣ ಕದಡಿ, ಮೇಲೆ ಚಿಟಿಕೆ ಭಂಡಾರ ಹಾಕಿದೆ. ಆ ದೇಶದ ನೀರಿಗೆ ಬೇರೆ ಗುಣ ಇರಬಹುದೇನೋ ಎಂಬ ಆಸೆ. ಇರಲಿಲ್ಲ. ಕಣ್ಣೆದುರಿಗೇ ಕುರಿ ಕೊಯ್ದಂತೆ ಕೆಂಪಾಯಿತು.

ಚೈತ್ರಿಗೆ ಫೋನ್ ಹಚ್ಚಿದೆ. ಆ ಕೋಣೆಯೊಳಗೆ ಫೋನ್ ಒಯ್ಯುವಂತಿಲ್ಲ, ಹೊರಗಿನ ಕಪಾಟಿನಲ್ಲಿ ಇಡಬೇಕು. ಬಡಿದು ಬಡಿದು ನಿಂತಿತು. ಯಜಮಾನರಿಗೆ ಹಚ್ಚಿದೆ. ಕುರಿಗಳ ಸದ್ದಿನ ನಡುವೆ ಅವರ ದನಿ ಬಂತು. ಎಲ್ಲ ಹೇಳಿದೆ.

"ಯಾರಾರ ನೋಡ್ಯಾರೇನು?"

"ಇಲ್ಲ."

"ಹಂಗಾದ್ರ ಸುಮ್ನಿರು. ದೇವರು ಅದಾನ."

"ಸುಣ್ಣದ ನೀರಾಗ ಹಾಕ್ತಾರಂತ, ಒಂಬತ್ತಕ್ಕ."

 "ಓಕುಳಿ ಆಕ್ಕತಲ್ಲಲೇ" ಎಂದರು.

"ಅದಕ್ಕ ಫೋನ್ ಮಾಡೀನಿ."

"ನಂಗ್ಯಾಕ ಮಾಡೀ? ನಾ ಇಲ್ಲಿಂದ ಕೈ ಚಾಚಿ ತಟ್ಟಿ ಹಿಡೀಲೇನು? ಓಡು."

ಓಡಿದೆ. ಇಂಗ್ಲಿಷ್ ಬಾರದವಳು ಏನೆಂದು ಹೇಳಲಿ ಎಂದು ಆ ಕೆಂಪು ನೀರನ್ನು ಒಂದು ಮುಚ್ಚಳವಿದ್ದ ಬಟ್ಟಲಿಗೆ ಬಗ್ಗಿಸಿ, ಕೈಯಲ್ಲಿ ಹಿಡಿದು ಓಡಿದೆ. ಅದನ್ನು ತೋರಿಸಿದರೆ ಮಾತು ಬೇಕಿಲ್ಲ ಅನ್ನಿಸಿತು.

ಶುಕ್ರವಾರ, ಬಸ್ಸು

ಚೈತ್ರಿಯ ಮನೆಯಿಂದ ಎಂಟನೆಯ ಸ್ಟಾಪಿನಲ್ಲಿ ಇಳಿಯಬೇಕು. ಹಿಂದಿನ ದಿನ ಬೆರಳೆಣಿಸಿ ನೆನಪಿಟ್ಟಿದ್ದೆ. ಚೈತ್ರಿ ಕೊಟ್ಟಿದ್ದ ಬಸ್ಸಿನ ಕಾರ್ಡನ್ನು ಯಂತ್ರಕ್ಕೆ ಒತ್ತಿ ಕೂತೆ. ಮೂರನೆಯ ಸ್ಟಾಪು ಆದ ಮೇಲೆ ರಸ್ತೆ ಅಗೆದಿದ್ದರು. ಬಸ್ಸು ಎಡಕ್ಕೆ ತಿರುಗಿ ನಾನು ನೋಡದ ಬೀದಿಗೆ ಇಳಿಯಿತು. ಒಂದೇ ನಮೂನೆಯ ಕಲ್ಲಿನ ಮನೆಗಳು, ಒಂದೇ ನಮೂನೆಯ ಬಾಗಿಲುಗಳು. ಯಾವುದು ನಾಲ್ಕನೆಯದು, ಯಾವುದು ಐದನೆಯದು ತಿಳಿಯದೆ ಎಣಿಕೆ ತಪ್ಪಿತು. ಎದ್ದು ನಿಂತು "ತಡೀರಿ, ತಡೀರಿ" ಎಂದೆ. ಇಡೀ ಬಸ್ಸಿನ ಮೌನ ನನ್ನ ಕಡೆ ತಿರುಗಿತು. ಒಂದು ನಾಯಿಯೂ ತಲೆಯೆತ್ತಿ ನೋಡಿತು.

ಡ್ರೈವರು ನಿಲ್ಲಿಸಿದ. ಇಳಿದೆ. ಬಸ್ಸು ಹೋಯಿತು. ಈಗ ನಾನು, ಮಳೆ, ಮತ್ತು ಗೊತ್ತಿಲ್ಲದ ಬೀದಿ. ಪಾಸ್‌ಪೋರ್ಟು ಮನೆಯಲ್ಲಿದೆ. ಮನೆಯ ವಿಳಾಸ ಬಾಯಿಗೆ ಬಾರದು. ಫೋನು ಚಹಾದ ಪಕ್ಕ ಮರೆತು ಬಂದಿದ್ದೆ. ನಾನು ಅಷ್ಟು ಹೆದರಿದ್ದು ಇನ್ನೊಮ್ಮೆ ಮಾತ್ರ, ಮಗ ಚಿಕ್ಕವನಿದ್ದಾಗ ಹಳ್ಳದ ನೀರಿನಲ್ಲಿ ಕಾಣದೇ ಹೋಗಿದ್ದಾಗ.

ತಲೆಯೆತ್ತಿದರೆ ಮನೆಗಳ ಸಾಲಿನ ಮೇಲೆ ಕೋಟೆಯ ಗುಡ್ಡ ಕಂಡಿತು. ಕುರಿಯ ಹಿಂದೆ ಹೋದಾಗ ದಾರಿ ತಪ್ಪಿದರೆ ನಾವು ದಾರಿ ಹುಡುಕುವುದಿಲ್ಲ, ಗುಡ್ಡ ನೋಡುತ್ತೇವೆ. ನಿನ್ನೆ ಮ್ಯೂಸಿಯಂಗೆ ಹೋಗುವಾಗ ಕೋಟೆ ನನ್ನ ಬಲಗಡೆ ಹಿಂದಕ್ಕೆ ಸರಿದಿತ್ತು. ಹಾಗಾದರೆ ಅದು ಬಲ ಭುಜದ ಹಿಂದೆ ಬರುವವರೆಗೂ ನಡೆಯಬೇಕು. ನಡೆದೆ, ಓಡಿದೆ, ಒಂದು ಕಡೆ ಮೆಟ್ಟಿಲು ಹತ್ತುವಾಗ ಕಾಲು ಜಾರಿ ಬಟ್ಟಲಿನ ಮುಚ್ಚಳ ಕಳಚಿತು. ಕೆಂಪು ನೀರು ಕೈಮೇಲೆ, ಸೀರೆಯ ಮೇಲೆ, ಮುಂಗೈವರೆಗೂ ಸುರಿಯಿತು. ಎದುರಿಗೆ ಬಂದ ಒಬ್ಬ ಹೆಂಗಸು ನನ್ನನ್ನು ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ನಾನು ಅವಳಿಗೆ ನಕ್ಕೆ. ಅವಳು ಇನ್ನೂ ಹೆದರಿದಳು.

ಎಲ್ಲೋ ಗಡಿಯಾರದ ಗಂಟೆ ಒಂಬತ್ತು ಹೊಡೆಯಿತು. ಎಣಿಸಿದೆ. ಆಗ ಮ್ಯೂಸಿಯಂ ಬಾಗಿಲು ಕಾಣುತ್ತಿತ್ತು, ನಡುವೆ ರಸ್ತೆ ಇತ್ತು.

ಶುಕ್ರವಾರ, ಬಾಗಿಲಲ್ಲಿ

ಕಾವಲುಗಾರ ನನ್ನನ್ನು ಗುರುತು ಹಿಡಿದ. ಆಮೇಲೆ ನನ್ನ ಕೈ ನೋಡಿದ. ರಕ್ತ ಎಂದುಕೊಂಡ. ನಾನು "ಚೈತ್ರಾ, ಚೈತ್ರಾ" ಎನ್ನುತ್ತಿದ್ದರೆ ಅವನು ನನ್ನನ್ನು ಬಲವಂತವಾಗಿ ಕುರ್ಚಿಯಲ್ಲಿ ಕೂರಿಸಿ, ಔಷಧಿಯ ಪೆಟ್ಟಿಗೆ ತೆರೆದು, ಒಂದು ಕೈಯಲ್ಲಿ ನನ್ನ ಮುಂಗೈಗೆ ಬಟ್ಟೆ ಸುತ್ತುತ್ತಾ ಇನ್ನೊಂದು ಕೈಯಲ್ಲಿ ಫೋನ್ ತಿರುವಿದ. ಗಾಯವಿಲ್ಲದ ಕೈಗೆ ಅವನು ಎಷ್ಟು ಮಮತೆಯಿಂದ ಪಟ್ಟಿ ಕಟ್ಟಿದನೆಂದರೆ ಬಿಡಿಸಿಕೊಳ್ಳಲು ಮನಸ್ಸೇ ಬರಲಿಲ್ಲ.

ಮೆಟ್ಟಿಲ ಮೇಲೆ ಚೈತ್ರಿ ಕಂಡಳು. ಮುಖ ಸುಣ್ಣದಂತಾಗಿತ್ತು.

"ಎಲ್ಲಿ ಕೊಯ್ಕಂಡೀ ಅಜ್ಜಿ? ತೋರ್ಸು."

"ನೀರಿಗೆ ಹಾಕಿದ್ಯಾ?"

"ಏನು?"

"ಸರದಾರನ್ನ ನೀರಿಗೆ ಹಾಕಿದ್ಯಾ, ಹೇಳು."

"ಇಲ್ಲ. ಕೈಯಾಗ ಎತ್ತಿ ಹಿಡಿದಿದ್ದೆ, ಅಷ್ಟೊತ್ತಿಗೆ ನಿನಗ ರಕ್ತ ಸುರೀತೈತಿ ಅಂತ ಮಾರ್ಗರೆಟ್ ಅವರ ಕೋಣಿಗೆ ಫೋನ್ ಬಂತು. ಹಂಗ ಮೇಜಿನ ಮ್ಯಾಲ ಇಟ್ಟು ಬಂದೆ."

ನಾನು ಅಳತೊಡಗಿದೆ. ಅವಳ ಹಿಂದೆ ಮಾರ್ಗರೆಟ್ ಬಾಯಿ ಸಪ್ಪಳವಿಲ್ಲದೆ ಬಂದು ನಿಂತಿದ್ದರು. ಅವರ ಮುಂದೆಯೇ ಹೇಳಿದೆ. ಸೆರಗಿನ ಗಂಟು ಬಿಚ್ಚಿ ತೋರಿಸಿದೆ, ಬಟ್ಟಲಿನ ತಳದಲ್ಲಿ ಉಳಿದ ಕೆಂಪು ತೋರಿಸಿದೆ. "ನಾನು ಹಚ್ಚಿದ್ದು ಅಂತ ಹೇಳು. ಈ ಹುಡುಗಿದೇನೂ ತಪ್ಪಿಲ್ಲ ಅಂತ ಹೇಳು. ಹಂಗ ಹೇಳು ಚೈತ್ರಿ, ಬ್ಯಾರೆ ಸೇರಿಸಬ್ಯಾಡ."

ಚೈತ್ರಿ ನನ್ನ ಕೈಯ ಬಟ್ಟಲು ತೆಗೆದುಕೊಂಡಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಆಮೇಲೆ ಮಾರ್ಗರೆಟ್ ಬಾಯಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಹೇಳಿದ್ದಕ್ಕಿಂತ ಉದ್ದ ಇತ್ತು. ಬಾಯಿಯ ಹುಬ್ಬು ಮೇಲೇರಿತು.

"ಏನಂದಿ?"

"ನಾನು ನಿನ್ನ ಒಬ್ಬಾಕಿನ ಅಲ್ಲಿ ಬಿಟ್ಟು ಹೊರಗ ಹೋದೆ ಅಂದೆ. ಬಿಡಬಾರದು ಅಜ್ಜಿ. ಅದು ಇಲ್ಲಿ ಮೊದಲನೇ ಕಾನೂನು."

"ಅದನ್ಯಾಕ ಹೇಳಿದಿ?"

"ನೀ ಯಾಕ ಹೇಳಿದಿ?"

ಮೂರನೆಯ ಮಾಳಿಗೆ

ಮಾರ್ಗರೆಟ್ ಬಾಯಿ ಪರದೆಗಳನ್ನು ಎಳೆದರು. ಕೋಣೆ ಕತ್ತಲಾಯಿತು. ಒಂದು ನೀಲಿ ದೀಪವನ್ನು ಚಿತ್ರದ ಮೇಲೆ ಹಿಡಿದರು. ಸರದಾರ, ನಾಯಿ, ಕತ್ತಿ ಎಲ್ಲ ಮಸುಕಾಗಿ, ಕುದುರೆಯ ಹಣೆಯಲ್ಲಿ ಮಾತ್ರ ಒಂದು ಚುಕ್ಕೆ ಮಿಂಚುಹುಳದಂತೆ ಹಸಿರು ಹಳದಿಯಾಗಿ ಉರಿಯಿತು. ನನ್ನ ತಪ್ಪು ಅಲ್ಲಿ ಬೆಳಗುತ್ತಾ ಕೂತಿತ್ತು. ನಾನು ಕೈಮುಗಿದೆ, ದೇವರಿಗೋ ಬಾಯಿಗೋ ನನಗೇ ತಿಳಿಯದು.

ಪರದೆ ಸರಿಸಿ, ಬೆಕ್ಕಿನ ಮೀಸೆಯಂಥ ಕುಂಚದಿಂದ ಪುಡಿಯನ್ನು ಕಣಕಣವಾಗಿ ಎತ್ತಿದರು. ಎಷ್ಟೋ ಹೊತ್ತು ಹಿಡಿಯಿತು. ನಾನು ಬೆರಳಿನಿಂದ ಒತ್ತಿದ್ದರಿಂದ ಕಾಗದದ ಒಳಗೆ ಇಳಿದದ್ದು ಬರಲಿಲ್ಲ. ಆಮೇಲೆ ನನ್ನ ಗಂಟಿನಿಂದ ಒಂದು ಕಣ ಕೇಳಿ ಪಡೆದು, ಬೇರೆ ಚೂರು ಕಾಗದಕ್ಕೆ ಒತ್ತಿ, ತಟ್ಟೆಯ ಸುಣ್ಣದ ನೀರಿನಲ್ಲಿ ಅದ್ದಿದರು. ಕೆಂಪು ಹರಡಿತು. ಅದನ್ನೇ ನೋಡುತ್ತಾ ನಿಂತರು. ನಾನು ಚೈತ್ರಿಯ ಕೈ ಹಿಡಿದೆ. ತಣ್ಣಗಿತ್ತು. ಇವತ್ತು ಇವಳನ್ನು ಮನೆಗೆ ಕಳಿಸುತ್ತಾರೆ, ನನ್ನ ಜೊತೆಗೇ ವಿಮಾನ ಹತ್ತಿಸುತ್ತಾರೆ, ಹಗರಿಬೊಮ್ಮನಹಳ್ಳಿಯ ಆ ಮೂಲೆಗೆ ಮತ್ತೆ ಹೋಗಿ ಕೂರುತ್ತಾಳೆ ಎಂದುಕೊಂಡೆ.

ಬಾಯಿ ತಟ್ಟೆಯ ನೀರನ್ನು ಮೋರಿಗೆ ಸುರಿದರು. ಮಾತಾಡಿದರು. ಚೈತ್ರಿ ನನಗೆ ಒಂದೊಂದೇ ತಿಳಿಸಿದಳು. ಚಿತ್ರಕ್ಕೆ ಇನ್ನು ಸುಣ್ಣದ ಸ್ನಾನ ಇಲ್ಲ, ಒಣ ದಾರಿಯಲ್ಲಿ ಬೇರೇನಾದರೂ ಮಾಡಬೇಕು, ಅದನ್ನು ಹುಡುಕುವುದು ಚೈತ್ರಿಯ ಕೆಲಸ. ನನ್ನನ್ನು ಒಬ್ಬಳೇ ಬಿಟ್ಟು ಹೋದದ್ದನ್ನು ಕಾಗದದಲ್ಲಿ ಬರೆದು ಇಡುತ್ತಾರೆ, ಅಳಿಸುವುದಿಲ್ಲ.

"ಅಂದ್ರ?"

"ಅಂದ್ರ ಅವಧಿ ಮುಗಿದ್ರೂ ಸೋಮವಾರ ಎಂಟಕ್ಕ ಕೆಲಸಕ್ಕ ಬಾ ಅಂದ್ರು." ಅಷ್ಟು ಹೇಳಿ ಚೈತ್ರಿ ಗೋಡೆಯ ಕಡೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು.

ಬಾಯಿ ಒಂದು ಹಾಳೆ ತಂದು ಮೇಜಿನ ಮೇಲೆ ಇಟ್ಟರು. ಪ್ರತಿ ಚಿತ್ರಕ್ಕೂ ಅಂಥದ್ದೊಂದು ಹಾಳೆ ಇರುತ್ತದಂತೆ, ರೋಗಿಗೆ ದವಾಖಾನೆಯ ಚೀಟಿ ಇದ್ದ ಹಾಗೆ. ಮುಂದೆ ನೂರು ವರ್ಷಕ್ಕೆ ಇದನ್ನು ಯಾರಾದರೂ ಕೈಗೆತ್ತಿಕೊಂಡರೆ, ಸುಣ್ಣದ ನೀರಿನ ಹತ್ತಿರ ಹೋಗಬೇಡಿ ಎಂದು ಅವರಿಗೆ ತಿಳಿಯಬೇಕು. ಬಾಯಿ ನನ್ನನ್ನು ಕೇಳಿದರು, ಚೈತ್ರಿ ಬರೆದಳು. ಹೆಸರು, ಹಾಲವ್ವ. ಊರು, ಗುಡೇಕೋಟೆ, ಕೂಡ್ಲಿಗಿ ತಾಲ್ಲೂಕು. ಹಚ್ಚಿದ್ದು, ಅರಿಶಿಣ. ಯಾಕೆ ಹಚ್ಚಿದಿರಿ ಎಂದದ್ದಕ್ಕೆ ರೂಢಿ ಎಂದೆ. ಆ ರೂಢಿಯನ್ನೂ ಬರೆಸಿಕೊಂಡರು. ಕೆಳಗೆ ನಾನು ಕನ್ನಡದಲ್ಲಿ ರುಜು ಹಾಕಿದೆ. ಪಟ್ಟಿ ಕಟ್ಟಿದ ಕೈ, ಅಕ್ಷರ ಸೊಟ್ಟಗಾಯಿತು.

ಮಧ್ಯಾಹ್ನ ಯಜಮಾನರಿಗೆ ಫೋನ್ ಮಾಡಿದೆ.

"ಹೆಸರು ಬರ್ಕಂಡ್ರಾ?" ಎಂದರು. ದನಿ ಇಳಿಯಿತು. "ಪೊಲೀಸ್ರು ಬರ್ಕಳ್ಳಂಗ?"

"ಅಲ್ಲ. ಚಿತ್ರದ ಹಾಳಿಯೊಳಗ. ಊರ ಹೆಸರೂ ಬರದಾರ."

"ಅದರಾಗ ಮತ್ತ್ಯಾರ್ಯಾರ ಹೆಸರೈತಿ? ಆ ಸರದಾರ ಯಾರಂತ?"

"ಗೊತ್ತಿಲ್ಲ ಅಂತ ಬರದೈತಿ."

"ಚಿತ್ರ ತೆಗದೋನು?"

"ಅವನೂ ಗೊತ್ತಿಲ್ಲ."

"ಎಲ್ಲಿ ತೆಗದದ್ದು?"

"ಅದೂ ಗೊತ್ತಿಲ್ಲಂತ."

ಯಜಮಾನರು ಒಂದು ಕುರಿಯನ್ನು ಗದರಿದರು. ಆಮೇಲೆ ಯಾರಿಗೋ ಕೇಳಿಸೀತು ಎನ್ನುವವರಂತೆ ಮೆಲ್ಲಗೆ, "ಹಂಗಾದ್ರ ಆ ಹಾಳಿಯಾಗ ಹೆಸರು, ಊರು ಗೊತ್ತಿರಾಕಿ ನೀನೊಬ್ಬಾಕೇನಲೇ" ಎಂದರು.